ಕಾರಣ ಕೇಳಬೇಡಿ, ವಹಿ ಕೇಳಿ: ಆರೋಗ್ಯ ಇಲಾಖೆಗೆ ಆರ್‌ಟಿಐ ಅರ್ಜಿ ಹಾಕುವ ಬಗೆ

ಪಕ್ಕದ ಮನೆಯ ಹುಡುಗನಿಗೆ ನಾಯಿ ಕಚ್ಚಿತ್ತು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕರೆದುಕೊಂಡು ಓಡಿದರೆ ‘ಇಂಜೆಕ್ಷನ್ ಖಾಲಿಯಾಗಿದೆ, ತಾಲ್ಲೂಕು ಆಸ್ಪತ್ರೆಗೆ ಹೋಗಿ’ ಅಂದರು. ಹೋದೆವು. ಹುಡುಗ ಚೆನ್ನಾಗಿದ್ದಾನೆ. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ರಾತ್ರಿ ಕೂತು ಮಾಹಿತಿ ಹಕ್ಕಿನ (ಆರ್‌ಟಿಐ) ಅರ್ಜಿ ಗೀಚಿದೆ. ‘ನಾಯಿ ಕಡಿತದ ಲಸಿಕೆ ಏಕೆ ಇಟ್ಟಿರಲಿಲ್ಲ? ಇದಕ್ಕೆ ಯಾರು ಹೊಣೆ? ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ?’

ಇಪ್ಪತ್ತೆಂಟನೇ ದಿನ ಹಿಂಬರಹ ಬಂತು. ಒಂದೇ ಸಾಲು. ‘ತಾವು ಕೋರಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ.’

ಓದಿ ಇನ್ನೂ ಸಿಟ್ಟು ಬಂತು. ಆಮೇಲೆ ಕಾಯ್ದೆ ಓದಿದಾಗ ಗೊತ್ತಾಯಿತು, ತಪ್ಪು ನನ್ನದೇ. 2005ರ ಮಾಹಿತಿ ಹಕ್ಕು ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಈಗಾಗಲೇ ದಾಖಲೆಯ ರೂಪದಲ್ಲಿ ಇರುವ ಮಾಹಿತಿಯನ್ನು. ಅಧಿಕಾರಿ ನಮಗಾಗಿ ಹೊಸದಾಗಿ ವಿವರಣೆ ಬರೆಯಬೇಕಾಗಿಲ್ಲ, ಅಭಿಪ್ರಾಯ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ‘ಏಕೆ’ ಅನ್ನುವುದು ದಾಖಲೆ ಅಲ್ಲ. ದಾಸ್ತಾನು ವಹಿ ದಾಖಲೆ.

ಎರಡನೇ ಸಲ ಒಂದೇ ವಿಷಯ ಕೇಳಿದೆ: ಆರು ತಿಂಗಳ ದಾಸ್ತಾನು ವಹಿಯಲ್ಲಿ ನಾಯಿ ಕಡಿತದ ಲಸಿಕೆಯ ಪುಟಗಳು, ಜೊತೆಗೆ ಆ ಲಸಿಕೆಗೆ ಕಳಿಸಿದ ಇಂಡೆಂಟ್‌ಗಳ, ಅಂದರೆ ಬೇಡಿಕೆ ಪತ್ರಗಳ, ನಕಲು. ನಾಲ್ಕು ಪುಟ ಬಂತು, ಎಂಟು ರೂಪಾಯಿ ಖರ್ಚು. ವಹಿಯ ಕಾಲಂಗಳು ಹೀಗಿದ್ದವು: ದಿನಾಂಕ, ಬಂದದ್ದು, ಬ್ಯಾಚ್ ನಂಬರ್, ಅವಧಿ ಮುಗಿಯುವ ದಿನ, ಕೊಟ್ಟದ್ದು, ಬಾಕಿ, ಷರಾ. ಬಾಕಿ ಕಾಲಂನಲ್ಲಿ ಒಂದು ಕಡೆ ಸೊನ್ನೆ. ಅದರ ಮುಂದಿನ ಸಾಲಿನ ದಿನಾಂಕ ಮೂವತ್ತೇಳು ದಿನ ಆದಮೇಲಿನದು. ಇಂಡೆಂಟ್‌ನ ದಿನಾಂಕ ನೋಡಿದರೆ, ಸೊನ್ನೆಯಾಗುವ ಒಂಬತ್ತು ದಿನ ಮೊದಲೇ ಪಿಎಚ್‌ಸಿಯವರು ಬೇಡಿಕೆ ಕಳಿಸಿದ್ದರು. ಅಂದರೆ ನಾನು ಬೈದಿದ್ದ ಡಾಕ್ಟರ್ ತಮ್ಮ ಕೆಲಸ ಮಾಡಿದ್ದರು. ಸಾಮಾನು ನಿಂತಿದ್ದು ಮೇಲೆ ಎಲ್ಲೋ. ಸಿಟ್ಟಿನ ಅರ್ಜಿ ಇದನ್ನು ಎಂದೂ ತೋರಿಸುತ್ತಿರಲಿಲ್ಲ, ಅಲ್ವಾ?

ಹಾಗಾಗಿ ಕೆಳಗಿನ ಮಾತೆಲ್ಲ ಈ ಒಂದು ಎಳೆಯ ಸುತ್ತಲೇ ಇದೆ. ಯಾವ ವಹಿಯಲ್ಲಿ ನಿಮ್ಮ ಉತ್ತರ ಇದೆ ಎಂದು ಮೊದಲು ಯೋಚಿಸಿ, ಆ ವಹಿ ಕೇಳಿ.

ಅರ್ಜಿ ಬೇಕೇ ಬೇಕಾ?

ಎಲ್ಲದಕ್ಕೂ ಆರ್‌ಟಿಐ ಹಾಕುವ ಚಟ ಒಳ್ಳೆಯದಲ್ಲ. ತಿಂಗಳುಗಟ್ಟಲೆ ಕಾಯಬೇಕಾದ ದಾರಿ ಅದು.

ನಿಮ್ಮದೇ ಅಥವಾ ನಿಮ್ಮ ಮನೆಯವರ ಒಳರೋಗಿ ದಾಖಲೆ ಬೇಕಿದ್ದರೆ ಆಸ್ಪತ್ರೆಗೆ ಸಾದಾ ಪತ್ರ ಕೊಡಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿ ಪ್ರಕಾರ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ದಾಖಲೆ ಇಟ್ಟಿರಬೇಕು. ರೋಗಿ ಅಥವಾ ರೋಗಿ ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇದು ಖಾಸಗಿ ಆಸ್ಪತ್ರೆಯ ವೈದ್ಯರಿಗೂ ಅನ್ವಯ. ಪತ್ರದ ಎರಡನೇ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಈ ಕ್ಷಣಕ್ಕೆ ಔಷಧ ಎಲ್ಲಿ ಸಿಗುತ್ತದೆ, ಯಾವ ಆಸ್ಪತ್ರೆಗೆ ಹೋಗಬೇಕು ಅನ್ನುವುದಕ್ಕೆ 104 ಆರೋಗ್ಯ ಸಹಾಯವಾಣಿ ಇದೆ. ತುರ್ತಿಗೆ 108. ಹಾವು ಕಚ್ಚಿದಾಗ ಯಾರೂ ಅರ್ಜಿ ಬರೆಯುತ್ತ ಕೂರುವುದಿಲ್ಲ.

ಇನ್ನು ಕಾಯ್ದೆಯ 4ನೇ ಕಲಂ ಪ್ರಕಾರ ಕಚೇರಿಗಳು ಕೆಲವು ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು: ಅಧಿಕಾರಿಗಳ ಹೆಸರು, ಸಂಬಳ, ಬಜೆಟ್, ಕರ್ತವ್ಯ ಇತ್ಯಾದಿ. ಇಲಾಖೆಯ ವೆಬ್‌ಸೈಟು ಮತ್ತು ಕಚೇರಿಯ ನೋಟಿಸ್ ಬೋರ್ಡು ಒಂದು ಸಲ ನೋಡಿ. ಬೇಕಾದ್ದು ಅಲ್ಲೇ ಸಿಕ್ಕರೆ ಒಂದು ತಿಂಗಳು ಉಳಿಯಿತು.

ಯಾರಿಗೆ ಬರೆಯಬೇಕು

ಜನ ಎಡವುವುದು ಹೆಚ್ಚಾಗಿ ಇಲ್ಲೇ. ಸರ್ಕಾರಿ ಆಸ್ಪತ್ರೆ ಎಂದರೆ ಎಲ್ಲವೂ ಒಂದೇ ಇಲಾಖೆ ಅಲ್ಲ.

ಹಳ್ಳಿಯ ಉಪಕೇಂದ್ರ, ಪಿಎಚ್‌ಸಿ, ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಇವೆಲ್ಲ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಸಾಲಿನಲ್ಲಿ ಬರುತ್ತವೆ. ತಾಲ್ಲೂಕಿಗೆ ತಾಲ್ಲೂಕು ಆರೋಗ್ಯಾಧಿಕಾರಿ (ಟಿಎಚ್‌ಒ), ಜಿಲ್ಲೆಗೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ), ರಾಜ್ಯಕ್ಕೆ ಬೆಂಗಳೂರಿನ ಆರೋಗ್ಯ ಸೌಧ. ಆದರೆ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಗಳು, ಅಂದರೆ ಬೆಂಗಳೂರಿನ ವಿಕ್ಟೋರಿಯಾ, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥವು, ವೈದ್ಯಕೀಯ ಶಿಕ್ಷಣ ಇಲಾಖೆಯ ಕಡೆ ಬರುತ್ತವೆ. ನಗರದಲ್ಲಿ ಪಾಲಿಕೆ ನಡೆಸುವ ಆಸ್ಪತ್ರೆಗೆ ಪಾಲಿಕೆಯ ಆರೋಗ್ಯ ವಿಭಾಗ. ಔಷಧ ಖರೀದಿಯ ಟೆಂಡರ್ ಬಗ್ಗೆ ಕೇಳಬೇಕೆಂದರೆ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಆಯುಷ್ಮಾನ್ ಕಾರ್ಡಿನ ಅಡಿ ಆಸ್ಪತ್ರೆಗೆ ಹಣ ಮಂಜೂರಾದ ವಿಷಯಕ್ಕೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ನಿಮ್ಹಾನ್ಸ್ ಕೇಂದ್ರ ಸರ್ಕಾರದ್ದು. ಅದಕ್ಕೆ ಕೇಂದ್ರದ ಆರ್‌ಟಿಐ ಪೋರ್ಟಲ್, ಕೊನೆಯ ಮೇಲ್ಮನವಿ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ.

ಖಾಸಗಿ ಆಸ್ಪತ್ರೆಗೆ ನೇರವಾಗಿ ಆರ್‌ಟಿಐ ಹಾಕಲಾಗದು. ಆದರೆ ಹಿಂಬಾಗಿಲು ಒಂದಿದೆ. ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳೆಲ್ಲ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿ ಆಗಿರಬೇಕು. ಆ ನೋಂದಣಿಯ ಕಡತ ಇರುವುದು ಜಿಲ್ಲಾ ಮಟ್ಟದ ಪ್ರಾಧಿಕಾರದಲ್ಲಿ, ಅದರ ಕೆಲಸ ನಡೆಯುವುದು ಡಿಎಚ್‌ಒ ಕಚೇರಿಯಲ್ಲಿ. ಬೇರೆ ಕಾನೂನಿನ ಅಡಿ ಸರ್ಕಾರಿ ಕಚೇರಿ ಖಾಸಗಿಯವರಿಂದ ತರಿಸಿಕೊಳ್ಳಬಹುದಾದ ಮಾಹಿತಿಯೂ ಆರ್‌ಟಿಐ ವ್ಯಾಪ್ತಿಗೆ ಬರುತ್ತದೆ. ಹಾಗಾಗಿ ‘ಈ ಆಸ್ಪತ್ರೆಯ ನೋಂದಣಿ ಪ್ರಮಾಣಪತ್ರ ಮತ್ತು ಕೊನೆಯ ಪರಿಶೀಲನಾ ವರದಿಯ ನಕಲು’ ಎಂದು ಡಿಎಚ್‌ಒ ಕಚೇರಿಗೇ ಕೇಳಿ.

ಪ್ರತಿ ಕಚೇರಿಯಲ್ಲೂ ಒಬ್ಬ ಸಾರ್ವಜನಿಕ ಮಾಹಿತಿ ಅಧಿಕಾರಿ ಇರುತ್ತಾರೆ. ಅವರನ್ನು ಎಲ್ಲರೂ ಪಿಐಒ ಅನ್ನುತ್ತಾರೆ. ಅವರ ಪದನಾಮ, ಮೇಲ್ಮನವಿ ಅಧಿಕಾರಿಯ ಪದನಾಮ ಗೋಡೆಯ ಬೋರ್ಡಿನಲ್ಲಿ ಇರಬೇಕು. ಮೊಬೈಲಿನಲ್ಲಿ ಅದರ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಎರಡು ಸಲ ಬೇಕಾಗುತ್ತದೆ. ಬೋರ್ಡೇ ಇಲ್ಲವೆಂದರೆ ‘ಸಾರ್ವಜನಿಕ ಮಾಹಿತಿ ಅಧಿಕಾರಿಗಳು’ ಎಂದು ಬರೆದು ಕಚೇರಿಯ ವಿಳಾಸ ಹಾಕಿ, ಸಾಕು.

ತಪ್ಪಿ ಬೇರೆ ಇಲಾಖೆಗೆ ಹೋಯಿತು ಅಂದುಕೊಳ್ಳಿ. ‘ನಮಗೆ ಸಂಬಂಧಿಸಿಲ್ಲ’ ಎಂದು ಅರ್ಜಿ ವಾಪಸ್ ಮಾಡುವಂತಿಲ್ಲ. ಕಲಂ 6(3)ರ ಪ್ರಕಾರ 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಿ ನಿಮಗೆ ತಿಳಿಸಬೇಕು. ಸರಿಯಾದ ಕಚೇರಿಯನ್ನು ನೀವೇ ಹುಡುಕಿ ಬರೆದರೆ ಆ ಐದು ದಿನವೂ ಉಳಿಯುತ್ತದೆ.

ಯಾವ ವಹಿ?

ಔಷಧದ ವಿಷಯ ಆಗಲೇ ಹೇಳಿದೆ: ದಾಸ್ತಾನು ವಹಿ, ಇಂಡೆಂಟ್, ಜಿಲ್ಲಾ ಔಷಧ ಉಗ್ರಾಣದಿಂದ ಬಂದ ಸರಬರಾಜಿನ ಪಟ್ಟಿ. ಮೂರನ್ನೂ ಅಕ್ಕಪಕ್ಕ ಇಟ್ಟರೆ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ.

ಡಾಕ್ಟರ್ ಬರುವುದಿಲ್ಲ ಅನ್ನುವ ದೂರು ಇದ್ದರೆ ಮೊದಲು ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆಗಳ ಪಟ್ಟಿ ಕೇಳಿ. ಎಷ್ಟೋ ಸಲ ಅಲ್ಲಿ ಡಾಕ್ಟರೇ ಇರುವುದಿಲ್ಲ. ಬೇರೆ ಪಿಎಚ್‌ಸಿಯವರಿಗೆ ವಾರಕ್ಕೆ ಎರಡು ದಿನ ಪ್ರಭಾರ ಕೊಟ್ಟಿರುತ್ತಾರೆ, ನಾವು ಹೊರಗೆ ಕೂತು ಬೈಯುತ್ತಿರುತ್ತೇವೆ. ಆಮೇಲೆ ಬೇಕಿದ್ದರೆ ಹಾಜರಾತಿ ಮತ್ತು ಚಲನವಲನ ವಹಿ. ಈ ಎರಡನೆಯದು ಯಾರಿಗೂ ನೆನಪಾಗುವುದಿಲ್ಲ. ಮೀಟಿಂಗಿಗೆ ಹೋದೆ, ಶಿಬಿರಕ್ಕೆ ಹೋದೆ ಅಂದರೆ ಅಲ್ಲಿ ಬರೆದಿರಬೇಕು.

ಹಣದ ವಿಷಯಕ್ಕೆ ಆರೋಗ್ಯ ರಕ್ಷಾ ಸಮಿತಿಯ ಸಭಾ ನಡಾವಳಿ, ಕ್ಯಾಶ್ ಬುಕ್ಕು, ವೋಚರ್‌ಗಳು. ಸುಣ್ಣ ಬಣ್ಣ, ಬೆಡ್‌ಶೀಟ್, ಇನ್‌ವರ್ಟರ್ ರಿಪೇರಿ ಇಂಥ ಸಣ್ಣಪುಟ್ಟ ಖರ್ಚೆಲ್ಲ ಇಲ್ಲಿ ಸಿಗುತ್ತದೆ. ಆಂಬುಲೆನ್ಸ್ ಆದರೆ ಲಾಗ್ ಬುಕ್. ಊರಿನಲ್ಲಿ ವಾಂತಿ ಭೇದಿ ಜಾಸ್ತಿಯಾಗಿದ್ದರೆ ಕುಡಿಯುವ ನೀರಿನ ಮಾದರಿ ಪರೀಕ್ಷೆಯ ವರದಿ. ಡೆಂಗಿ ಆದರೆ ಲಾರ್ವಾ ಸಮೀಕ್ಷೆಯ ವರದಿ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ಎಂದು ಅಧಿಸೂಚನೆ ಹೊರಡಿಸಿದೆ, ಈ ಕಾಗದಗಳಿಗೆ ಈಗ ತೂಕ ಹೆಚ್ಚು.

ಬರೆಯುವುದು

ಕನ್ನಡದಲ್ಲೇ ಬರೆಯಿರಿ. ಕಾಯ್ದೆಯೇ ಆ ಹಕ್ಕು ಕೊಟ್ಟಿದೆ. ಕರ್ನಾಟಕದ ನಿಯಮದಲ್ಲಿ ಎರಡು ಕಟ್ಟುಪಾಡು ಇವೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು. ಲಸಿಕೆ, ಹಾಜರಾತಿ, ಕಾಂಪೌಂಡ್ ಗೋಡೆ ಎಲ್ಲ ಒಂದರಲ್ಲೇ ತುರುಕಿದರೆ ಮೊದಲನೆಯದಕ್ಕೆ ಉತ್ತರ ಕೊಟ್ಟು ಮಿಕ್ಕದ್ದು ಬಿಡುತ್ತಾರೆ. ನಿಜ ಹೇಳಬೇಕೆಂದರೆ ಈ 150 ಪದದ ಮಿತಿ ನನಗೆ ಮೊದಲು ಕಿರಿಕಿರಿ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಗೋಳು ಬರೆಯಲು ಜಾಗ ಇರದೆ ಹೋದಾಗ ಬೇಕಾದ್ದು ಮಾತ್ರ ಉಳಿಯುತ್ತದೆ.

‘ನಮೂನೆ ಎ’ ಎಂಬ ಅರ್ಜಿ ನಮೂನೆ ಇದೆ. ಅದರಲ್ಲಿ ತುಂಬುವ ಮುಖ್ಯ ಭಾಗ ಹೀಗಿದ್ದರೆ ಸಾಕು:

‘ವಿಷಯ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾಯಿ ಕಡಿತದ ಲಸಿಕೆಯ ದಾಸ್ತಾನು. ಅವಧಿ: ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ. ಬೇಕಾದ ದಾಖಲೆ: (1) ಔಷಧ ದಾಸ್ತಾನು ವಹಿಯಲ್ಲಿ ಈ ಲಸಿಕೆಗೆ ಸಂಬಂಧಿಸಿದ ಪುಟಗಳ ದೃಢೀಕೃತ ನಕಲು. (2) ಈ ಲಸಿಕೆಗಾಗಿ ಕಳುಹಿಸಿದ ಇಂಡೆಂಟ್‌ಗಳ ದೃಢೀಕೃತ ನಕಲು. (3) ಸರಬರಾಜು ಸ್ವೀಕರಿಸಿದ ದಾಖಲೆಗಳ ದೃಢೀಕೃತ ನಕಲು. ದಾಖಲೆಯಲ್ಲಿ ರೋಗಿಗಳ ಹೆಸರು ಇದ್ದಲ್ಲಿ ಅದನ್ನು ಮರೆಮಾಡಿ ಕೊಡಬಹುದು.’

ವರ್ಷ, ಊರು, ತಾಲ್ಲೂಕು ಸೇರಿಸಿಕೊಳ್ಳಿ. ಕೆಳಗೆ ನಿಮ್ಮ ಹೆಸರು, ವಿಳಾಸ, ಸಹಿ, ‘ನಾನು ಭಾರತದ ಪೌರ’ ಎಂಬ ಒಂದು ಸಾಲು. ಏಕೆ ಬೇಕು ಎಂದು ಬರೆಯಬೇಡಿ. ಕೌಂಟರಿನಲ್ಲಿ ‘ನಿಮಗ್ಯಾಕೆ ಇದೆಲ್ಲ?’ ಎಂದು ಕೇಳಿದರೂ ಸುಮ್ನೆ ನಕ್ಕುಬಿಡಿ. ಕಾರಣ ಕೇಳುವಂತಿಲ್ಲ ಎಂದು ಕಲಂ 6(2) ಹೇಳುತ್ತದೆ. ಸಂಘದ ಲೆಟರ್‌ಹೆಡ್ಡಿನಲ್ಲಿ ಹಾಕಬೇಡಿ, ಒಬ್ಬರ ಸ್ವಂತ ಹೆಸರಲ್ಲಿ ಹಾಕಿ. ಹಕ್ಕು ಇರುವುದು ಪೌರನಿಗೆ, ಸಂಘಕ್ಕಲ್ಲ ಎಂದು ತಕರಾರು ತೆಗೆಯುವವರು ಇದ್ದಾರೆ.

ರೋಗಿಗಳ ಹೆಸರಿನ ಸಾಲು ಏಕೆ ಹಾಕಿದೆ ಅಂದರೆ, ತಿರಸ್ಕರಿಸಲು ಸುಲಭದ ನೆಪ ಅದು. ಬೇರೆಯವರ ಕಾಯಿಲೆ ನಮಗೆ ಬೇಕಾಗಿಯೂ ಇಲ್ಲ. ಕಲಂ 10ರ ಪ್ರಕಾರ ಕೊಡಬಾರದ ಭಾಗವನ್ನು ಮುಚ್ಚಿ ಮಿಕ್ಕದ್ದನ್ನು ಕೊಡಬೇಕು. ನಾವೇ ಮೊದಲು ಹೇಳಿಬಿಟ್ಟರೆ ಆ ನೆಪ ಹೋಯಿತು.

ಶುಲ್ಕ ಮತ್ತು ತಲುಪಿಸುವುದು

ಅರ್ಜಿ ಶುಲ್ಕ 10 ರೂಪಾಯಿ. ಎ4 ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬದವರಿಗೆ ಅರ್ಜಿ ಶುಲ್ಕ ಇಲ್ಲ, ದಾಖಲೆಯ ನಕಲು ಲಗತ್ತಿಸಿ. ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಹಚ್ಚುವುದು ರೂಢಿ. ಅದರ ನಂಬರನ್ನು ಅರ್ಜಿಯ ಮೇಲೂ ಬರೆದು, ಹಚ್ಚುವ ಮುಂಚೆ ಒಂದು ಫೋಟೊ ತೆಗೆಯಿರಿ. ‘ಶುಲ್ಕ ಲಗತ್ತಿಸಿರುವುದಿಲ್ಲ’ ಎಂಬ ಹಿಂಬರಹ ಬಂದಾಗ ಆ ಫೋಟೊ ಕೆಲಸಕ್ಕೆ ಬರುತ್ತದೆ.

ಕೈಯಲ್ಲಿ ಕೊಡುವುದಾದರೆ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ‘ಸೀಲು ಸಾಹೇಬರ ಹತ್ತಿರ ಇದೆ, ನಾಳೆ ಬನ್ನಿ’ ಅಂದರೆ ಅಲ್ಲಿಂದ ನೇರ ಅಂಚೆ ಕಚೇರಿಗೆ ನಡೆಯಿರಿ. ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ ದಿನ ತೋರಿಸುವ ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ಮಾಡಿಟ್ಟುಕೊಳ್ಳಿ. ರಾಜ್ಯ ಸರ್ಕಾರದ ಆರ್‌ಟಿಐ ಆನ್‌ಲೈನ್ ಪೋರ್ಟಲ್ ಕೂಡ ಇದೆ, ದೊಡ್ಡ ಕಚೇರಿಗಳಿಗೆ ಅದು ಅನುಕೂಲ. ಹಳ್ಳಿಯ ಪಿಎಚ್‌ಸಿಗೆ ಮಾತ್ರ ನನ್ನ ಓಟು ಕಾಗದಕ್ಕೇ. ಮೇಜಿನ ಮೇಲೆ ಕಾಗದ ಬಿದ್ದಿದ್ದರೆ ಕಡತ ನೋಡಿಕೊಳ್ಳುವ ಗುಮಾಸ್ತರ ಕಣ್ಣಿಗೆ ಕುಕ್ಕುತ್ತದೆ.

ವಿದೇಶದಲ್ಲಿರುವ ಕನ್ನಡಿಗರು ಅಪ್ಪ ಅಮ್ಮನ ಊರಿನ ಆಸ್ಪತ್ರೆ ಬಗ್ಗೆ ಕೇಳಬೇಕು ಅನ್ನುವುದುಂಟು. ಭಾರತದ ಪಾಸ್‌ಪೋರ್ಟ್ ಇದ್ದರೆ ಅಡ್ಡಿ ಇಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ ಊರಿನಲ್ಲಿರುವ ತಮ್ಮನೋ ತಂಗಿಯೋ ತಮ್ಮ ಹೆಸರಲ್ಲಿ ಹಾಕಲಿ.

ದಿನ ಎಣಿಸುವುದು

ಅರ್ಜಿ ಕಚೇರಿಗೆ ತಲುಪಿದ ದಿನದಿಂದ 30 ದಿನ. ಜೂನ್ 3ಕ್ಕೆ ತಲುಪಿದರೆ ಜುಲೈ 3ಕ್ಕೆ ಗಡುವು. ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಆದರೆ ಆಸ್ಪತ್ರೆ ಎಂದ ಕೂಡಲೇ ಎಲ್ಲವೂ ಜೀವದ ಪ್ರಶ್ನೆ ಎಂದು ಬರೆಯಬೇಡಿ. ಯಾರ ಜೀವ, ಯಾವ ಅಪಾಯ ಎಂದು ತೋರಿಸಲಾಗದಿದ್ದರೆ ಯಾರೂ ಒಪ್ಪುವುದಿಲ್ಲ.

ನಡುವೆ ‘12 ಪುಟಕ್ಕೆ 24 ರೂಪಾಯಿ ಕಟ್ಟಿ’ ಎಂಬ ಪತ್ರ ಬರಬಹುದು. ಅದನ್ನು ಬೀರುವಿನಲ್ಲಿಟ್ಟು ಮರೆಯಬೇಡಿ. ಆ ಪತ್ರ ಕಳಿಸಿದ ದಿನದಿಂದ ನೀವು ಹಣ ಕಟ್ಟುವವರೆಗಿನ ದಿನಗಳು 30ರ ಲೆಕ್ಕಕ್ಕೆ ಬರುವುದಿಲ್ಲ. ಗಡಿಯಾರ ನಿಮಗಾಗಿ ನಿಂತಿರುತ್ತದೆ. ಇನ್ನೊಂದು ಕಡೆ, 30 ದಿನ ದಾಟಿದ ಮೇಲೆ ಅವರು ಕೊಟ್ಟರೆ ಪುಟಕ್ಕೆ ದುಡ್ಡು ಕೇಳುವಂತಿಲ್ಲ. ಕಲಂ 7(6) ಎಂದು ಒಂದು ಸಾಲು ಬರೆದು ಕೊಡಿ.

ಪುಟ ನೂರಾರು ಇದ್ದರೆ, ಅಥವಾ ‘ಇಷ್ಟೊಂದು ನಕಲು ಮಾಡಲು ಸಿಬ್ಬಂದಿ ಇಲ್ಲ’ ಅಂದರೆ, ಕಡತ ಪರಿಶೀಲನೆ ಕೇಳಿ. ಕಚೇರಿಗೆ ಹೋಗಿ ವಹಿಯನ್ನೇ ನೋಡುವ ಹಕ್ಕು ಇದೆ. ನನಗಂತೂ ಇದೇ ಇಷ್ಟ. ಫಾರ್ಮಸಿಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟಿದ್ದರು. ರಟ್ಟು ಕಿತ್ತುಹೋದ ವಹಿ, ಕೆಂಪು ಶಾಯಿಯಲ್ಲಿ ತಿಂಗಳ ಕೊನೆಯ ಗೆರೆ. ಒಂದು ಪುಟದಲ್ಲಿ ‘ಬಾಕಿ’ ತಿದ್ದಿತ್ತು, ಪಕ್ಕದಲ್ಲಿ ಸಣ್ಣ ಸಹಿ. ಏನಿದು ಎಂದು ಕೇಳಿದೆ. ಆ ಫಾರ್ಮಸಿ ಅಕ್ಕ ‘ಎರಡು ವಯಲ್ ಒಡೆದು ಹೋಯ್ತು ಸಾರ್, ಷರಾ ನೋಡಿ’ ಅಂದರು. ನಿಜ, ಷರಾದಲ್ಲಿ ಬರೆದಿತ್ತು. ನಕಲಿನಲ್ಲಿ ಆ ಅಕ್ಷರ ಮೂಡಿರಲಿಲ್ಲ. ಬೇಕಾದ ಪುಟದ ಸಂಖ್ಯೆ ಗುರುತು ಮಾಡಿಕೊಂಡು ಅಷ್ಟಕ್ಕೇ ನಕಲು ಕೇಳಿದರೆ ದುಡ್ಡೂ ಉಳಿಯಿತು, ಅವರಿಗೂ ತಲೆನೋವಿಲ್ಲ.

‘ಕೊಡಲಾಗದು’ ಎಂದರೆ

ತಿರಸ್ಕರಿಸುವಾಗ ಯಾವ ಕಲಂ, ಯಾವ ಕಾರಣ ಎಂದು ಬರೆಯಲೇಬೇಕು. ಆರೋಗ್ಯ ಇಲಾಖೆಯಲ್ಲಿ ಹೆಚ್ಚಾಗಿ ಬರುವುದು 8(1)(ಜೆ), ಅಂದರೆ ವೈಯಕ್ತಿಕ ಮಾಹಿತಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕಲಮನ್ನು ತಿದ್ದಿದೆ. ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇಲ್ಲದ್ದು, ಖಾಸಗಿತನಕ್ಕೆ ಧಕ್ಕೆ ತರುವಂಥದ್ದು ಎಂಬೆಲ್ಲ ವಿವರ ಇತ್ತು. ತಿದ್ದುಪಡಿ ಅದನ್ನೆಲ್ಲ ತೆಗೆದು ‘ವೈಯಕ್ತಿಕ ಮಾಹಿತಿ’ ಎಂದಷ್ಟೇ ಉಳಿಸಿದೆ. ನನ್ನ ಪ್ರಕಾರ ಇದು ಜನರಿಗೆ ಆದ ನಷ್ಟ. ಡಾಕ್ಟರರ ಹಾಜರಾತಿಯನ್ನೂ ವೈಯಕ್ತಿಕ ಎಂದುಬಿಡಬಹುದು. ಆದರೂ ಕಲಂ 8(2) ಹಾಗೇ ಇದೆ: ಗುಟ್ಟು ಕಾಪಾಡುವುದಕ್ಕಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು. ಮೇಲ್ಮನವಿಯಲ್ಲಿ ಆ ಹಿತ ಏನು ಎಂದು ಎರಡು ಸಾಲಿನಲ್ಲಿ ತೋರಿಸಿ. ಹೆಸರಿನ ಬದಲು ‘ವೈದ್ಯಾಧಿಕಾರಿ ಹುದ್ದೆಯಲ್ಲಿ ಇದ್ದವರು ಹಾಜರಿದ್ದ ದಿನಗಳು’ ಎಂದು ಕೇಳುವುದೂ ಒಂದು ದಾರಿ.

ಉತ್ತರ ಬರದಿದ್ದರೂ ಅದು ತಿರಸ್ಕಾರವೇ. ಪಿಐಒಗೆ ಫೋನು ಮಾಡುತ್ತ ಎರಡು ತಿಂಗಳು ಕಳೆಯಬೇಡಿ, ಅವಧಿ ನಿಮ್ಮದೇ ಕಳೆದುಹೋಗುತ್ತದೆ. ಗಡುವು ಮುಗಿದ ದಿನದಿಂದ, ಅಥವಾ ಉತ್ತರ ಕೈಗೆ ಬಂದ ದಿನದಿಂದ, 30 ದಿನದೊಳಗೆ ಮೊದಲ ಮೇಲ್ಮನವಿ. ನಮ್ಮ ಲೆಕ್ಕದಲ್ಲಿ ಆಗಸ್ಟ್ 2ರೊಳಗೆ. ಅದೇ ಇಲಾಖೆಯ ಮೇಲಿನ ಅಧಿಕಾರಿಗೆ, ಬೋರ್ಡಿನ ಫೋಟೊದಲ್ಲಿದ್ದ ಆ ಎರಡನೇ ಪದನಾಮಕ್ಕೆ. ಅರ್ಜಿಯ ನಕಲು, ತಲುಪಿದ ಪುರಾವೆ, ಹಿಂಬರಹ ಇದ್ದರೆ ಅದು, ಮತ್ತು ‘ಇಂಥ ದಿನ ಅರ್ಜಿ, ಇಂಥ ದಿನಕ್ಕೆ ಗಡುವು, ಮಾಹಿತಿ ಬಂದಿಲ್ಲ, ಉಚಿತವಾಗಿ ಕೊಡಿಸಿ’ ಎಂಬ ಅರ್ಧ ಪುಟ. ಬೈಗುಳ ಬೇಡ. ಅವರು 30 ದಿನದಲ್ಲಿ, ಕಾರಣ ಬರೆದು ಹೆಚ್ಚೆಂದರೆ 45 ದಿನದಲ್ಲಿ ತೀರ್ಮಾನಿಸಬೇಕು. ನನ್ನ ಅನುಭವದಲ್ಲಿ ಎಷ್ಟೋ ಅರ್ಜಿಗಳಿಗೆ ಇಲ್ಲೇ ಕಾಗದ ಬಂದುಬಿಡುತ್ತದೆ.

ಬರದಿದ್ದರೆ 90 ದಿನದೊಳಗೆ ಎರಡನೇ ಮೇಲ್ಮನವಿ, ಕರ್ನಾಟಕ ಮಾಹಿತಿ ಆಯೋಗಕ್ಕೆ. ಆಯೋಗ ಬೆಂಗಳೂರಿನಲ್ಲಿದೆ, ಕಲಬುರಗಿ ಮತ್ತು ಬೆಳಗಾವಿಯಲ್ಲಿ ಪೀಠಗಳಿವೆ. ಸರಿಯಾದ ಕಾರಣ ಇಲ್ಲದೆ ತಡಮಾಡಿದ ಪಿಐಒಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ವಿಚಾರಣೆ ಬೇಗ ಬರುತ್ತದೆ ಎಂದುಕೊಳ್ಳಬೇಡಿ. ನೋಟಿಸ್ ಬರುವ ಹೊತ್ತಿಗೆ ಅರ್ಜಿ ಹಾಕಿದ್ದೇ ಮರೆತಿರಬಹುದು. ಅದಕ್ಕೇ ಎಲ್ಲ ಕಾಗದಗಳನ್ನೂ ತಾರೀಖಿನ ಪ್ರಕಾರ ಒಂದು ದಾರದ ಫೈಲಿನಲ್ಲಿ ಪೋಣಿಸಿ, ಮೇಲೆ ದಿನಾಂಕಗಳ ಒಂದು ಪಟ್ಟಿ ಇಡಿ. ನಿಮಗೆ ಮಾತಾಡಲು ಸಿಗುವುದು ಕೆಲವೇ ನಿಮಿಷ, ಆ ಪಟ್ಟಿ ಓದಿದರೆ ಸಾಕು.

ಅಂದಹಾಗೆ ಆ ನಾಲ್ಕು ಪುಟವನ್ನು ನಾನು ಪಿಎಚ್‌ಸಿಯ ಡಾಕ್ಟರಿಗೂ ಒಂದು ಪ್ರತಿ ಕೊಟ್ಟೆ. ಅವರು ಇಂಡೆಂಟ್‌ನ ದಿನಾಂಕದ ಮೇಲೆ ಬೆರಳಿಟ್ಟು ನೋಡಿ, ‘ಡಿಎಚ್‌ಒಗೆ ಬರೆಯೋ ಪತ್ರಕ್ಕೆ ಇದನ್ನೂ ಲಗತ್ತಿಸ್ತೀನಿ, ಪರವಾಗಿಲ್ವಾ?’ ಎಂದು ಕೇಳಿದರು.